ಮಗನಿಗೆ ಜೈಕಾರ, ತಾಯಿಗೆ ಅಪವಾದ: ಸುರಪುರದ ರಾಣಿ ಈಶ್ವರಮ್ಮನ ಪ್ರಕರಣ

ಹೋದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಒಂದು ನಾಟಕ ಮಾಡಿಸಬೇಕಾಗಿತ್ತು. ನಾನು ಕಲಬುರಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳು. ತವರು ಸುರಪುರದ ಹತ್ತಿರದ ಒಂದು ಹಳ್ಳಿ. ಹಾಗಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕರ ಕಥೆ ಮಾಡೋಣ ಅಂದ ಕೂಡಲೇ ಎಲ್ಲರೂ ನನ್ನ ಕಡೆ ನೋಡಿದರು. ಸ್ಕ್ರಿಪ್ಟ್ ಹೇಗೂ ಸಿದ್ಧವಿತ್ತು. ಯಾರೋ ಯಾವಾಗಲೋ ಬರೆದಿಟ್ಟದ್ದು, ಜೆರಾಕ್ಸ್‌ನ ಮೇಲೆ ಜೆರಾಕ್ಸ್ ಆಗಿ ಅಕ್ಷರ ಮಸುಕಾಗಿತ್ತು. ನಾನು ಅದನ್ನು ಪೂರ್ತಿ ಓದದೆ ಪಾತ್ರ ಹಂಚಿದೆ. ಅದು ನನ್ನ ತಪ್ಪು.

ಮೂರನೇ ದಿನದ ತಾಲೀಮಿಗೆ ರಾಣಿಯ ಪಾತ್ರದ ಹುಡುಗಿ ಹಾಳೆ ಹಿಡಿದುಕೊಂಡು ಬಂದಳು. ಒಂಬತ್ತನೇ ತರಗತಿ. ಮಾತು ಕಡಿಮೆ, ಆದರೆ ಓದಿದ್ದನ್ನು ಬಿಡುವವಳಲ್ಲ. ರಾಣಿ ಅಂದರೆ ಇಲ್ಲಿ ವೆಂಕಟಪ್ಪ ನಾಯಕರ ತಾಯಿ ಈಶ್ವರಮ್ಮ. ಸ್ಕ್ರಿಪ್ಟಿನಲ್ಲಿ ಆಕೆ ಮೈತುಂಬ ಒಡವೆ ಹಾಕಿಕೊಂಡು ಮೈದುನನ ಮೇಲೆ ಕತ್ತಿ ಮಸೆಯುತ್ತಾಳೆ, ಖಜಾನೆ ಖಾಲಿ ಮಾಡುತ್ತಾಳೆ, ಮಗನನ್ನು ಹಾಳು ಮಾಡುತ್ತಾಳೆ. ನಡತೆಯ ಬಗ್ಗೆ ಎರಡು ಮೂರು ಚುಚ್ಚುಮಾತು ಬೇರೆ, ಕೆಳಗೆ ಕೂತವರು ನಗಲಿ ಅಂತಲೇ ಬರೆದದ್ದು.

“ಮೇಡಂ, ಈಕಿ ಖರೇನೇ ಹಿಂಗಿದ್ಲೇನ್ರಿ?”

ಹೌದು ಅನ್ನಲು ಬಾಯಿ ತೆರೆದೆ. ಸಣ್ಣವಳಿದ್ದಾಗಿನಿಂದ ನಾನೂ ಇದನ್ನೇ ಕೇಳಿದ್ದೆ. ಮಗ ಹುಲಿ, ತಾಯಿ ಮಾತ್ರ ಸರಿಯಿರಲಿಲ್ಲ, ಅಂತ. ಆದರೆ ಯಾರು ಹೇಳಿದ್ದು, ಯಾವಾಗ ಹೇಳಿದ್ದು ಅಂತ ಒಂದು ಸಲವೂ ಕೇಳಿರಲಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ‘ಇತಿಹಾಸಕ್ಕೆ ಆಧಾರ ಬೇಕು’ ಎಂದು ಪಾಠ ಹೇಳುವ ನಾನು ನನ್ನದೇ ಊರಿನ ಒಬ್ಬ ಹೆಣ್ಣುಮಗಳ ವಿಷಯದಲ್ಲಿ ಆಧಾರ ಕೇಳಿರಲಿಲ್ಲ. “ನಾಳೆ ಹೇಳ್ತೀನಿ ತಡಿ” ಎಂದು ಆ ಹುಡುಗಿಯನ್ನು ಕಳಿಸಿದೆ. ಆ ನಾಳೆ ಸುಮಾರು ಒಂದು ತಿಂಗಳಾಯಿತು.

ಆಗ ಸುರಪುರದಲ್ಲಿ ಏನು ನಡೆದಿತ್ತು

ಸುರಪುರ ಈಗ ಯಾದಗಿರಿ ಜಿಲ್ಲೆಯ ಒಂದು ತಾಲೂಕು. ಸುತ್ತ ಕಲ್ಲುಗುಡ್ಡ, ನಡುವೆ ಊರು. ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಕಂಬ ಏರುವುದನ್ನು ನೋಡಿದವರಿಗೆ, ಚಿನ್ನದ ರೇಕು ಹಚ್ಚಿದ ಸುರಪುರ ಶೈಲಿಯ ಚಿತ್ರಗಳನ್ನು ನೋಡಿದವರಿಗೆ ಈ ಊರಿನ ಹಳೆಯ ಕಳೆ ಎಂಥದ್ದಿತ್ತು ಅಂತ ಗೊತ್ತಾಗುತ್ತದೆ. 1705ರಲ್ಲಿ ಔರಂಗಜೇಬ್ ಎಂಬತ್ತು ದಾಟಿದ ವಯಸ್ಸಿನಲ್ಲಿ ತಾನೇ ಬಂದು ಮುತ್ತಿಗೆ ಹಾಕಿದ್ದು ಇಲ್ಲಿಯ ವಾಗಿನಗೇರಿ ಕೋಟೆಗೆ. ಅದೇ ಅವನ ಕೊನೆಯ ಮುತ್ತಿಗೆ. ನಮ್ಮ ನಾಯಕರ ಮನೆತನದ ಹೆಸರು ಅಲ್ಲಿಯವರೆಗೆ ಹೋಗಿತ್ತು.

ಈಶ್ವರಮ್ಮನ ಕಾಲಕ್ಕೆ ಆ ಕಳೆ ಇಳಿದಿತ್ತು. ಆಕೆಯ ಗಂಡ ಕೃಷ್ಣಪ್ಪ ನಾಯಕ 1828ರಲ್ಲಿ ಪಟ್ಟಕ್ಕೆ ಬಂದಾಗ ಹೈದರಾಬಾದ್ ನಿಜಾಮನಿಗೆ 15 ಲಕ್ಷ ರೂಪಾಯಿ ನಜರಾಣೆ, ಅಂದರೆ ಪಟ್ಟದ ಕಾಣಿಕೆ, ಕೊಡಲು ಒಪ್ಪಬೇಕಾಯಿತು. 15 ಲಕ್ಷ, ಆ ಕಾಲದಲ್ಲಿ. ಒಂದು ಸಣ್ಣ ಸಂಸ್ಥಾನದ ಬೆನ್ನು ಮುರಿಯಲು ಅಷ್ಟು ಸಾಕು. ಅಲ್ಲಿಂದ ಸಾಲ, ಬಾಕಿ, ತಕರಾರು ಶುರುವಾದವು. ನಿಜಾಮನಿಗೆ ಬರಬೇಕಾದ ಹಣ ಬರುತ್ತಿಲ್ಲ, ನಿಜಾಮ ತನ್ನ ಹೆಸರಿನ ಕಂಟಿಂಜೆಂಟ್ ಸೈನ್ಯದ ಸಂಬಳಕ್ಕೆ ಹಣ ಹೊಂದಿಸಲು ಒದ್ದಾಡುತ್ತಿದ್ದಾನೆ, ಆ ಸೈನ್ಯವನ್ನು ನಡೆಸುವವರು ಬ್ರಿಟಿಷ್ ಅಧಿಕಾರಿಗಳು. ಹೀಗೆ ಸುರಪುರದ ಸಾಲಕ್ಕೂ ಬ್ರಿಟಿಷರಿಗೂ ಗಂಟು ಬಿತ್ತು.

1841ರಲ್ಲಿ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪನಿಗೆ ಆಗ ಸುಮಾರು ಏಳು ವರ್ಷ. ಪಟ್ಟಕ್ಕೆ ಹುಡುಗ ಇದ್ದಾನೆ, ಆದರೆ ಅವನು ದೊಡ್ಡವನಾಗುವ ತನಕ ರಾಜ್ಯ ನೋಡಿಕೊಳ್ಳುವವರು ಯಾರು? ಈಶ್ವರಮ್ಮ ನಾನು ಎಂದಳು. ಹೈದರಾಬಾದಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟ್, ಜನರಲ್ ಫ್ರೇಸರ್ ಕಡೆಯವರು ತೀರಿಹೋದ ರಾಜನ ತಮ್ಮ ಪಿಡ್ಡ ನಾಯಕನ ಬೆನ್ನಿಗೆ ನಿಂತರು. ಮೊದಲು ಕ್ಯಾಪ್ಟನ್ ಗ್ರೆಸ್ಲಿ ಎಂಬ ಅಧಿಕಾರಿ ಬಂದ. ಅವನ ನಂತರ ಬಂದವನೇ ಫಿಲಿಪ್ ಮೆಡೋಸ್ ಟೇಲರ್. 1853ರಲ್ಲಿ ವೆಂಕಟಪ್ಪ ನಾಯಕನ ಕೈಗೆ ರಾಜ್ಯ ಒಪ್ಪಿಸುವ ತನಕ, ಅಂದರೆ ಹತ್ತಿರ ಹತ್ತಿರ ಹನ್ನೆರಡು ವರ್ಷ, ಸುರಪುರದಲ್ಲಿ ನಡೆದದ್ದು ಟೇಲರ್‌ನ ಮಾತು.

ಸಾಕ್ಷಿ ಒಬ್ಬನೇ

ಟೇಲರ್ ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಮ್ಮೂರಿನವರೇ ಒಪ್ಪುವುದಿಲ್ಲ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಇವತ್ತಿಗೂ ಟೇಲರ್ ಮಂಜಿಲ್. ಜನ ಅವನನ್ನು ‘ಮಹಾದೇವ ಬಾಬಾ’ ಎಂದು ಕರೆಯುತ್ತಿದ್ದರು. ಮೆಡೋಸ್ ಎಂಬುದು ನಮ್ಮ ಬಾಯಲ್ಲಿ ಮಹಾದೇವ ಆಯಿತು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ಕಲ್ಲುಸಾಲುಗಳು, ರಾಜನಕೋಳೂರಿನ ಕಲ್ಲುಗೋರಿಗಳು ಮಹತ್ವದವು ಎಂದು ಲೋಕಕ್ಕೆ ಮೊದಲು ತೋರಿಸಿದವರಲ್ಲಿ ಅವನೂ ಒಬ್ಬ. ಬಿಸಿಲಲ್ಲಿ ನಿಂತು ಅಳತೆ ಮಾಡಿ, ಚಿತ್ರ ಬರೆದು ದಾಖಲೆ ಇಟ್ಟವನು. ಅಷ್ಟು ಶ್ರದ್ಧೆಯ ಮನುಷ್ಯ.

ಆದರೆ ಈಶ್ವರಮ್ಮನ ಬಗ್ಗೆ ನಮಗೆ ಗೊತ್ತಿರುವ ಕೆಟ್ಟ ಮಾತುಗಳ ಬೇರು ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಅವನ ಆತ್ಮಕಥೆಯೇ. ಆಮೇಲೆ ಬರೆದವರು ಜಾಸ್ತಿ ಮಟ್ಟಿಗೆ ಅಲ್ಲಿಂದಲೇ ಎತ್ತಿಕೊಂಡರು. ಎತ್ತಿಕೊಂಡವರಿಂದ ಭಾಷಣಕ್ಕೆ, ಭಾಷಣದಿಂದ ನಾಟಕಕ್ಕೆ, ನಾಟಕದಿಂದ ಕಟ್ಟೆ ಮಾತಿಗೆ ಹೋಯಿತು. ಹತ್ತು ಕಡೆ ಕೇಳಿದ್ದೇವೆ ಅಂದ ಮಾತ್ರಕ್ಕೆ ಹತ್ತು ಸಾಕ್ಷಿ ಆಗುವುದಿಲ್ಲ, ಅಲ್ವಾ?

ಆ ಪುಸ್ತಕದ ಕಾಲವನ್ನೂ ನೋಡಬೇಕು. ರಾಣಿಯ ಜೊತೆಗಿನ ಜಗಳ 1840ರ ದಶಕದ್ದು. ಟೇಲರ್ ತೀರಿಕೊಂಡದ್ದು 1876ರಲ್ಲಿ. ಪುಸ್ತಕ ಹೊರಬಂದದ್ದು 1877ರಲ್ಲಿ, ಮಗಳು ಅದನ್ನು ಹೊಂದಿಸಿ ಅಚ್ಚು ಹಾಕಿಸಿದಳು. ಒಬ್ಬ ಮುದುಕ ತನ್ನ ಬದುಕಿನ ದೊಡ್ಡ ಕೆಲಸ ಯಾವುದಾಗಿತ್ತು ಎಂದು ಮೂವತ್ತು ವರ್ಷದ ಮೇಲೆ ನೆನೆಸಿಕೊಂಡು, ಇಂಗ್ಲೆಂಡಿನ ಓದುಗರಿಗಾಗಿ ಬರೆದದ್ದು. ಅದರಲ್ಲಿ ಅವನೇ ನಾಯಕ. ನಾಯಕ ಇದ್ದ ಮೇಲೆ ಎದುರಾಳಿ ಬೇಕೇ ಬೇಕು. ಸುರಪುರದ ಅಧ್ಯಾಯಗಳಲ್ಲಿ ಆ ಜಾಗಕ್ಕೆ ಸಿಕ್ಕವಳು ಈಶ್ವರಮ್ಮ. ಕುತಂತ್ರಿ, ದುಂದುಗಾರ್ತಿ, ನಡತೆಗೆಟ್ಟವಳು. ನಡತೆಯ ಬಗ್ಗೆ ಅವನು ಬರೆದ ವಿವರಗಳನ್ನು ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ. ನೂರೈವತ್ತು ವರ್ಷ ಆ ಮಾತು ಓಡಾಡಿದ್ದು ಸಾಕು.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನಿಸಿತು. ಈಶ್ವರಮ್ಮ ರಾಜ್ಯ ನೋಡಿಕೊಳ್ಳಲು ಯೋಗ್ಯಳು ಎಂದಾದರೆ ಸುರಪುರದಲ್ಲಿ ಟೇಲರ್‌ಗೆ ಏನು ಕೆಲಸ? ಆಕೆ ಅಯೋಗ್ಯಳು ಅನ್ನುವುದರ ಮೇಲೆಯೇ ಅವನ ಹುದ್ದೆ ನಿಂತಿತ್ತು. ಅವನು ಸುಳ್ಳು ಬರೆದ ಅಂತ ನಾನು ಹೇಳುತ್ತಿಲ್ಲ. ಆದರೆ ಹೊಲದ ವ್ಯಾಜ್ಯದಲ್ಲಿ ಬದಿಯ ಹೊಲದವನ ಹೇಳಿಕೆಯೊಂದನ್ನೇ ಹಿಡಿದು ಯಾವ ಪಂಚರೂ ತೀರ್ಪು ಕೊಡುವುದಿಲ್ಲ.

ಒಂದೊಂದೇ ಆರೋಪ

ಮೊದಲನೆಯದು ಅಧಿಕಾರದ ಆಸೆ. ಗಂಡ ಸತ್ತ ಮೇಲೆ ಸಣ್ಣ ಮಗನ ಪರವಾಗಿ ತಾಯಿ ರಾಜ್ಯ ನೋಡಿಕೊಳ್ಳುತ್ತೇನೆ ಅನ್ನುವುದು ನಮ್ಮ ನಾಡಿನಲ್ಲಿ ಕೇಳದ ಮಾತೇನಲ್ಲ. ಕೆಳದಿಯ ಚೆನ್ನಮ್ಮ ಗಂಡ ಹೋದ ಮೇಲೆ ಸುಮಾರು 25 ವರ್ಷ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಆಕೆ. ಮೈಸೂರಿನಲ್ಲಿ 1799ರಲ್ಲಿ ಬ್ರಿಟಿಷರು ಎಳೆಯ ರಾಜನನ್ನು ಪಟ್ಟಕ್ಕೆ ಕೂರಿಸುವಾಗ ಅವರ ಜೊತೆ ಮಾತುಕತೆ ಮುಗಿಸಿದವಳು ರಾಣಿ ಲಕ್ಷ್ಮಮ್ಮಣ್ಣಿ. ಇನ್ನು ಕಿತ್ತೂರಿನ ಚೆನ್ನಮ್ಮ ಕತ್ತಿ ಹಿಡಿದದ್ದು 1824ರಲ್ಲಿ, ಈಶ್ವರಮ್ಮ ವಿಧವೆಯಾಗುವುದಕ್ಕೆ ಬರೀ 17 ವರ್ಷ ಮುಂಚೆ. ಅವರೆಲ್ಲ ಕೇಳಿದರೆ ಹಕ್ಕು, ಈಶ್ವರಮ್ಮ ಕೇಳಿದರೆ ದುರಾಸೆ ಹೇಗಾಗುತ್ತದೆ? ಮೈದುನನ ಮೇಲೆ ಆಕೆಗೆ ನಂಬಿಕೆ ಇರಲಿಲ್ಲ. ಸರಿ. ಏಳು ವರ್ಷದ ಮಗನಿಗೂ ಪಟ್ಟಕ್ಕೂ ನಡುವೆ ಗಂಡನ ತಮ್ಮ ನಿಂತಾಗ ಯಾವ ತಾಯಿಗೆ ನಿದ್ದೆ ಬರುತ್ತದೆ ಹೇಳಿ.

ದುಡ್ಡಿನ ಆರೋಪ ಬೇಗ ಮುಗಿಯುತ್ತದೆ. 15 ಲಕ್ಷದ ನಜರಾಣೆ 1828ರದ್ದು. ಗಂಡನ ಪಟ್ಟದ ಲೆಕ್ಕ ಅದು. ರಾಜ್ಯದ ಆಡಳಿತಕ್ಕೂ ಖಜಾನೆಗೂ ಆಕೆಯ ಕೈ ತಗಲುವ ಮುಂಚೆಯೇ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಅರಮನೆಯಲ್ಲಿ ಆಕೆ ಕೈಬಿಚ್ಚಿ ಖರ್ಚು ಮಾಡಿರಬಹುದು, ರಾಣಿಯರು ಮಾಡುತ್ತಿದ್ದರು, ರಾಜರೂ ಮಾಡುತ್ತಿದ್ದರು. ಸುರಪುರವನ್ನು ಮುಳುಗಿಸಿದ್ದು ಸೀರೆ ಒಡವೆ ಅಲ್ಲವೇ ಅಲ್ಲ.

ನಡತೆಯ ವಿಷಯಕ್ಕೆ ಬಂದಾಗ ನಾನು ಬಹಳ ಹೊತ್ತು ನಿಂತೆ. ಯಾಕೆಂದರೆ ಇದು ನನಗೆ ಪುಸ್ತಕದಲ್ಲಿ ಕಂಡ ವಿಷಯ ಮಾತ್ರ ಆಗಿರಲಿಲ್ಲ.

ನಮ್ಮ ದೊಡ್ಡವ್ವನ ಗಂಡ ಸತ್ತಾಗ ಆಕೆಗೆ ಮೂವತ್ತು ಆಗಿರಲಿಲ್ಲ. ಎರಡು ಸಣ್ಣ ಮಕ್ಕಳು, ಎಂಟು ಎಕರೆ ತೊಗರಿ ಹೊಲ. ದಿನಕರ್ಮ ಮುಗಿಯುವ ತನಕ ಎಲ್ಲರೂ ಪಾಪ ಅಂದರು. ಹೊಲವನ್ನು ಮಕ್ಕಳ ಹೆಸರಿಗೆ ಮಾಡಿಸಬೇಕು ಅಂತ ದೊಡ್ಡವ್ವ ಕಾಗದ ಹಿಡಿದುಕೊಂಡು ಓಡಾಡಲು ಶುರು ಮಾಡಿದಳು ನೋಡಿ, ಅವತ್ತಿನಿಂದ ಮಾತು ಬದಲಾಯಿತು. ಯಾರ ಗಾಡಿಯಲ್ಲಿ ಹೋದಳು, ಎಷ್ಟು ಹೊತ್ತಿಗೆ ಬಂದಳು, ಯಾರ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಹೊಲ ಯಾರಿಗೆ ಸೇರಬೇಕು ಎಂಬ ಪ್ರಶ್ನೆಯನ್ನೇ ಯಾರೂ ಎತ್ತಲಿಲ್ಲ, ಆಕೆ ಎಂಥವಳು ಎಂಬುದೊಂದೇ ಮಾತು. ನಾನು ಆಗ ಆರನೇ ಕ್ಲಾಸು. ಬಾವಿಯ ಹತ್ತಿರ ಹೆಂಗಸರು ದೊಡ್ಡವ್ವ ಬಂದ ಕೂಡಲೇ ಸುಮ್ಮನಾಗುತ್ತಿದ್ದದ್ದು ನನಗೆ ಇನ್ನೂ ನೆನಪಿದೆ. ಹೊಲ ಕೊನೆಗೂ ಮಕ್ಕಳ ಹೆಸರಿಗಾಯಿತು. ಆ ಮಾತು ಮಾತ್ರ ಆಕೆ ಸಾಯುವ ತನಕ ಹೋಗಲಿಲ್ಲ.

ಟೇಲರ್‌ನ ಪುಸ್ತಕದಲ್ಲಿ ಈಶ್ವರಮ್ಮನ ಬಗ್ಗೆ ಓದುವಾಗ ನನಗೆ ಆ ಬಾವಿಕಟ್ಟೆಯೇ ಕಣ್ಣ ಮುಂದೆ ಬಂತು. ಆಸ್ತಿಯ ಜಗಳದಲ್ಲಿ ಗಂಡಸಿನ ಲೆಕ್ಕಪತ್ರ ನೋಡುತ್ತಾರೆ, ಹೆಣ್ಣಿನ ನಡತೆ ನೋಡುತ್ತಾರೆ.

ಅದೇ ದಶಕದಲ್ಲಿ ಪಂಜಾಬಿನಲ್ಲಿ ಏನಾಯಿತು ಎಂದು ನೋಡಿದರೆ ಇದು ಸುರಪುರದ ಒಂದು ಮನೆಯ ಕಥೆಯಾಗಿ ಉಳಿಯುವುದಿಲ್ಲ. ಮಹಾರಾಜ ರಣಜಿತ್ ಸಿಂಗ್‌ನ ವಿಧವೆ ಜಿಂದ್ ಕೌರ್. ಮಗ ದುಲೀಪ್ ಸಿಂಗ್ 1843ರಲ್ಲಿ ಐದು ವರ್ಷಕ್ಕೇ ಪಟ್ಟಕ್ಕೆ ಬಂದ. ತಾಯಿ ಅವನ ಪರವಾಗಿ ಆಡಳಿತ ನಡೆಸಿದಳು. ಬ್ರಿಟಿಷ್ ಅಧಿಕಾರಿಗಳು ಆಕೆಗೆ ರೋಮ್ ಸಾಮ್ರಾಜ್ಯದ ನಡತೆಗೆಟ್ಟ ರಾಣಿ ಎಂದು ಹೆಸರಾದ ಮೆಸಲೀನಾಳ ಹೆಸರಿಟ್ಟರು, ಪಂಜಾಬಿನ ಮೆಸಲೀನಾ ಎಂದು. 1846ರಲ್ಲಿ ಅಧಿಕಾರ ಕಿತ್ತುಕೊಂಡರು. 1847ರಲ್ಲಿ ಮಗನಿಂದ ದೂರ ಮಾಡಿ ಶೇಖೂಪುರದ ಕೋಟೆಗೆ ಕಳಿಸಿದರು. ಇಂಥ ತಾಯಿಯ ನೆರಳು ಹುಡುಗನ ಮೇಲೆ ಬೀಳಬಾರದು ಎಂಬುದೇ ಅವರು ಕೊಟ್ಟ ಕಾರಣ. 1861ರಲ್ಲಿ ಕಲ್ಕತ್ತೆಯಲ್ಲಿ ಮಗನನ್ನು ಮತ್ತೆ ಕಂಡಾಗ ಆಕೆಯ ಕಣ್ಣು ಹೆಚ್ಚುಕಡಿಮೆ ಹೋಗಿತ್ತಂತೆ. ಎರಡು ವರ್ಷಕ್ಕೆ ಲಂಡನ್ನಿನಲ್ಲಿ ತೀರಿಕೊಂಡಳು. ಈಗ ಪಂಜಾಬಿನ ಜನ ಜಿಂದ್ ಕೌರ್‌ಳ ಬಗ್ಗೆ ಆ ಹಳೆಯ ಹೆಸರನ್ನು ನಂಬುವುದಿಲ್ಲ. ಯಾಕೆ ಹಾಗೆ ಹೆಸರಿಟ್ಟರು ಅಂತ ಅವರಿಗೆ ಗೊತ್ತಾಗಿದೆ.

ಲಾಹೋರಿಗೂ ಸುರಪುರಕ್ಕೂ ಎಷ್ಟು ದೂರ! ಆದರೂ ವಿಧವೆ ತಾಯಿ, ಸಣ್ಣ ರಾಜ, ಬ್ರಿಟಿಷ್ ಅಧಿಕಾರಿ, ನಡತೆಯ ಮಾತು, ಎಲ್ಲ ಒಂದೇ.

ಇನ್ನು ಕೊನೆಯದು, ಮಗನನ್ನು ಕೆಡಿಸಿದಳು ಎಂಬುದು. ಇದೇ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸಿದ ಆರೋಪ.

ವೆಂಕಟಪ್ಪ ನಾಯಕ 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದ. ಆ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊಡ್ಡ ಸೈನ್ಯ ಬರುವಾಗ ರಾಜ ಹೈದರಾಬಾದಿಗೆ ಹೋದ, ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್‌ನ ಕಡೆಯವರು ಹಿಡಿದು ಬ್ರಿಟಿಷರಿಗೆ ಒಪ್ಪಿಸಿದರು. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಜೊತೆಗಿದ್ದವರ ಹೆಸರು ಹೇಳು ಎಂದಾಗ ಹೇಳಲಿಲ್ಲ. ನಂಬಿದವರನ್ನು ಬಿಟ್ಟುಕೊಡುವುದಿಲ್ಲ ಎಂದ. ನಾವು ಇವತ್ತು ವೇದಿಕೆಯ ಮೇಲೆ ಎದೆಯುಬ್ಬಿಸಿ ಹೇಳುವ ಈ ಪ್ರಸಂಗ ನಮಗೆ ಎಲ್ಲಿಂದ ಬಂತು? ಟೇಲರ್‌ನ ಅದೇ ಆತ್ಮಕಥೆಯಿಂದ.

ಆ ಪುಸ್ತಕದ ಕಣ್ಣಿನಲ್ಲಿ ರಾಜ ಒಳ್ಳೆಯ ಹುಡುಗ, ಆದರೆ ಕೆಟ್ಟವರ ಸಹವಾಸದಿಂದ ದಾರಿತಪ್ಪಿದವನು. ನಾವು ಅದನ್ನು ಒಪ್ಪಲಿಲ್ಲ. ಅವನು ದಾರಿತಪ್ಪಿದವನಲ್ಲ, ನಾಡಿಗಾಗಿ ಎದ್ದವನು ಎಂದು ತಿದ್ದಿ ಓದಿದೆವು. ಸರಿಯಾಗಿಯೇ ಮಾಡಿದೆವು. ಬ್ರಿಟಿಷರ ಮಾತಿನಲ್ಲಿ ದಂಗೆಕೋರ ಆಗಿದ್ದವನು ನಮ್ಮ ಮಾತಿನಲ್ಲಿ ಸ್ವಾತಂತ್ರ್ಯ ಹೋರಾಟಗಾರನಾದ. ಆದರೆ ಅದೇ ಪುಸ್ತಕದಲ್ಲಿ ತಾಯಿಯ ಬಗ್ಗೆ ಬರೆದದ್ದನ್ನು ಒಂದಕ್ಷರ ತಿದ್ದದೆ ಹಾಗೇ ನುಂಗಿದೆವು. ಮಗನ ವಿಷಯಕ್ಕೆ ಟೇಲರ್ ಪರಕೀಯ, ತಾಯಿಯ ವಿಷಯಕ್ಕೆ ಟೇಲರ್ ಸತ್ಯವಂತ. ಇದು ಯಾವ ನ್ಯಾಯ?

ಇನ್ನೂ ಒಂದು ಲೆಕ್ಕ ಇದೆ. ಹುಡುಗನ ಏಳನೇ ವರ್ಷದಿಂದ ಹತ್ತೊಂಬತ್ತನೇ ವರ್ಷದ ತನಕ ಅವನ ಪಾಲನೆ, ಪಾಠ, ರಾಜ್ಯ ಎಲ್ಲದರ ಮೇಲ್ವಿಚಾರಣೆ ಟೇಲರ್‌ನದು. ಅವನು ಕೆಟ್ಟರೆ ತಾಯಿ ಕೆಡಿಸಿದ್ದು, ಗುಣವಂತನಾದರೆ ‘ಅಪ್ಪ’ ಬೆಳೆಸಿದ್ದು. ನಮ್ಮ ಮನೆಗಳಲ್ಲೂ ಇದೇ ಮಾತು ನಡೆಯುತ್ತದೆ, ಮಗ ಫೇಲಾದ ದಿನ ‘ನಿನ್ನ ಮಗ’, ರ‍್ಯಾಂಕ್ ಬಂದ ದಿನ ‘ನನ್ನ ಮಗ’.

ಒಂದು ರಾತ್ರಿ

ಟೇಲರ್‌ನ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ಓದಿದವರೆಲ್ಲ ಅದನ್ನು ಜ್ಯೋತಿಷ್ಯದ ವಿಚಿತ್ರ ಎಂದು ನೆನಪಿಡುತ್ತಾರೆ. ರಾಣಿಗೆ ಜಡ್ಡು ಜೋರಾಗಿತ್ತು. ರಾತ್ರಿ ಹೊತ್ತಿನಲ್ಲಿ ಟೇಲರ್‌ನನ್ನು ಅರಮನೆಗೆ ಕರೆಸಿದಳು. ಅಲ್ಲಿ ಅವನಿಗೆ ವೆಂಕಟಪ್ಪನ ಜಾತಕದ ಗುಟ್ಟು ಹೇಳಲಾಯಿತು. ಹುಡುಗ ತನ್ನ 24ನೇ ವರ್ಷದಲ್ಲಿ ಸಾಯುತ್ತಾನೆ. ಕೆಲವೇ ಮಂದಿಗೆ ಗೊತ್ತಿದ್ದ ಮಾತು ಅದು. ಟೇಲರ್ ಆಗ ಅದನ್ನು ನಂಬಲಿಲ್ಲ.

ಮರಣದಂಡನೆಯಾಗಿದ್ದ ವೆಂಕಟಪ್ಪ ನಾಯಕನ ಶಿಕ್ಷೆ ಆಮೇಲೆ ಇಳಿದು ಇಳಿದು, ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಬಂದು ನಿಂತಿತು. ಹೈದರಾಬಾದಿನಿಂದ ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, 1858ರ ಮೇ 11ರಂದು, ಕಾವಲಿನ ಅಧಿಕಾರಿಯ ರಿವಾಲ್ವರ್‌ನ ಗುಂಡಿಗೆ ಅವನು ಸತ್ತ. ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆದಿದ್ದಾನೆ. ನಮ್ಮ ಕಡೆ ಎಷ್ಟೋ ಜನ ಅದನ್ನು ನಂಬುವುದಿಲ್ಲ. ಅವನಿಗೆ ಆಗ 24ನೇ ವರ್ಷ.

ಈ ಜಾತಕ ನಿಜವೋ ಸುಳ್ಳೋ ಎಂದು ನಾನು ವಾದ ಮಾಡುವುದಿಲ್ಲ. ನನಗೆ ಬೇಕಾದದ್ದು ತಾಯಿ. ಈಶ್ವರಮ್ಮ ಜಾತಕವನ್ನು ಪೂರ್ತಿ ನಂಬುವ ಕಾಲದವಳು. ಮಗ ಆಟವಾಡುವಾಗ, ಕುದುರೆ ಏರುವಾಗ, ಟೇಲರ್‌ನ ಹತ್ತಿರ ಪಾಠಕ್ಕೆ ಹೋಗುವಾಗ, ಪ್ರತಿ ವರ್ಷ ಹುಟ್ಟಿದ ದಿನ ಬಂದಾಗ ಆಕೆ ಒಳಗೊಳಗೇ ಒಂದು ಎಣಿಕೆ ಹಾಕುತ್ತಿದ್ದಿರಬೇಕು. ಹತ್ತು. ಹನ್ನೊಂದು. ಹನ್ನೆರಡು. ಯಾರಿಗೂ ಹೇಳುವ ಹಾಗಿಲ್ಲ. ಆ ತಾಯಿ ಮಗ ಕೇಳಿದ್ದನ್ನೆಲ್ಲ ಕೊಟ್ಟಿರಬಹುದು. ಒಂದು ದಿನವೂ ಕಣ್ಣೆದುರಿನಿಂದ ದೂರ ಹೋಗಬಾರದು ಎಂದು ಹಟ ಹಿಡಿದಿರಬಹುದು. ಅಧಿಕಾರಿ ಅವನನ್ನು ಶಿಸ್ತಿಗೆ ಒಳಪಡಿಸಲು ಬಂದಾಗ ಅಡ್ಡ ನಿಂತಿರಬಹುದು. ಹೊರಗಿನಿಂದ ನೋಡಿದವನು ಇದಕ್ಕೆ ಮಗನನ್ನು ಕೆಡಿಸುವುದು ಎಂದು ಹೆಸರಿಡುತ್ತಾನೆ. ಎಲ್ಲ ತಿಳಿದ ಮೇಲೂ ಟೇಲರ್ ಅದೇ ಹೆಸರು ಇಟ್ಟ.

ಮತ್ತೂ ಒಂದು ಯೋಚನೆ ಬಂತು. ಸಾಯುತ್ತೇನೋ ಎನ್ನುವ ಹೊತ್ತಿನಲ್ಲಿ ಆಕೆ ಕರೆಸಿದ್ದು ಯಾರನ್ನು? ತನ್ನ ಕೈಯಿಂದ ರಾಜ್ಯ ತಪ್ಪಿಸಿದ ಆ ಪರದೇಶಿ ಅಧಿಕಾರಿಯನ್ನೇ. ಮಗನ ಬದುಕಿನ ದೊಡ್ಡ ಗುಟ್ಟನ್ನು ಬಿಚ್ಚಿಟ್ಟದ್ದು ಅವನ ಮುಂದೆಯೇ. ಹಗೆ ಸಾಧಿಸುವ ಕುತಂತ್ರಿ ಮಾಡುವ ಕೆಲಸವಾ ಇದು? ಹುಡುಗನನ್ನು ಉಳಿಸುವ ಬಲ ಇವನೊಬ್ಬನಿಗೆ ಇದೆ ಎಂದು ಆಕೆ ಅಳೆದಿದ್ದಳು. ಜಗಳವನ್ನು ಬದಿಗಿಟ್ಟಳು. ನನ್ನ ಮಟ್ಟಿಗೆ ಈಶ್ವರಮ್ಮನ ಪರವಾದ ದೊಡ್ಡ ಸಾಕ್ಷಿ ಇದು, ಮತ್ತು ಇದನ್ನು ಕೊಟ್ಟವನೂ ಟೇಲರ್‌ನೇ.

ಆಕೆ ದೇವತೆಯಾಗಿದ್ದಳು ಎಂದು ನಾನು ಹೇಳಲಾರೆ. ಅರಮನೆಯಲ್ಲಿ ಬಾಳಿದವಳು, ಹಟ ಇದ್ದಿರಬೇಕು, ತಪ್ಪು ಲೆಕ್ಕಾಚಾರಗಳೂ ಇದ್ದಿರಬೇಕು. ಆದರೆ ಅದಕ್ಕೂ ನಮ್ಮ ಸ್ಕ್ರಿಪ್ಟಿನ ಆ ಹೆಂಗಸಿಗೂ ಸಂಬಂಧವೇ ಇಲ್ಲ.

ಅದೇ ಟೇಲರ್ ಬಿಜಾಪುರ ಮತ್ತು ಅಹ್ಮದ್‌ನಗರದ ಚಾಂದ್‌ಬೀಬಿಯ ಮೇಲೆ ಒಂದು ಕಾದಂಬರಿ ಬರೆದಿದ್ದಾನೆ. ಅವನು ಸತ್ತ ಮೇಲೆ 1878ರಲ್ಲಿ ಬಂತು. ಅದರ ಹೆಸರಿನಲ್ಲೇ ಆಕೆಯನ್ನು ಉದಾತ್ತ ರಾಣಿ ಎಂದು ಕರೆದಿದ್ದಾನೆ. ಚಾಂದ್‌ಬೀಬಿಯೂ ಬೇರೆಯವರ ಮಗನ ಪರವಾಗಿ ಆಳಿದವಳು, ಗಂಡಸರ ಕಾಟದಿಂದ ಸೆರೆಗೂ ಹೋದವಳು, ಮೊಗಲರಿಗೆ ಕೋಟೆ ಬಿಟ್ಟುಕೊಡುತ್ತಾಳೆ ಎಂಬ ಗಾಳಿಮಾತಿಗೆ 1600ರ ಹೊತ್ತಿಗೆ ತನ್ನವರ ಕೈಯಲ್ಲೇ ಕೊಲೆಯಾದವಳು. ಆಕೆಯ ಮೇಲಿನ ಅಪವಾದ ಸುಳ್ಳು ಎಂದು ಟೇಲರ್‌ಗೆ ಕಾಣಿಸಿತು. ಆಕೆ ಸತ್ತು ಎರಡೂವರೆ ಶತಮಾನ ದಾಟಿತ್ತು, ಅವನ ಮೇಜಿಗೆ ಅರ್ಜಿ ಹಾಕುವವಳಲ್ಲ. ಈಶ್ವರಮ್ಮ ಕೂಗಿದರೆ ಕೇಳುವಷ್ಟು ಹತ್ತಿರ ಇದ್ದಳು.

ನಾಟಕಕ್ಕೆ ಏನಾಯಿತು

ಸ್ಕ್ರಿಪ್ಟ್ ಬದಲಾಯಿಸಬೇಕು ಎಂದಾಗ ಉಳಿದ ಶಿಕ್ಷಕರು ಸುಲಭಕ್ಕೆ ಒಪ್ಪಲಿಲ್ಲ. “ಮೇಡಂ, ವಿಲನ್ ಇಲ್ದೇ ನಾಟಕ ಹೆಂಗ್ ನಡೀತದ?” ಎಂದರು ಒಬ್ಬರು. ಇನ್ನೊಬ್ಬರು ನೇರವಾಗಿ, ಇದೆಲ್ಲ ನೂರಾರು ವರ್ಷದ ಹಿಂದಿನದು, ಈಗ ಯಾರಿಗೆ ಏನಾಗಬೇಕು ಎಂದರು. ಸ್ಟಾಫ್ ರೂಮಿನಲ್ಲಿ ಎರಡು ದಿನ ಮಾತು ಬಿಸಿಯಾಯಿತು. ನಾನು ದೊಡ್ಡವ್ವನ ಹೆಸರು ಎತ್ತಲಿಲ್ಲ, ಎತ್ತಿದರೆ ಅತ್ತುಬಿಡುತ್ತಿದ್ದೆ. ಬರೀ ಒಂದು ಪ್ರಶ್ನೆ ಕೇಳಿದೆ: ಈ ಪಾತ್ರ ಮಾಡುವ ಹುಡುಗಿ ನಿಮ್ಮ ಮಗಳಾದರೆ ಈ ಮಾತುಗಳನ್ನು ಆಡಿಸುತ್ತೀರಾ? ಉತ್ತರ ಬರಲಿಲ್ಲ. ಹೆಡ್ ಮೇಡಂ ಹಾಳೆ ತೆಗೆದುಕೊಂಡು ನಡತೆಯ ಮಾತುಗಳಿದ್ದ ಸಾಲುಗಳ ಮೇಲೆ ತಾವೇ ಪೆನ್ನು ಎಳೆದರು.

ಉಳಿದದ್ದನ್ನು ನಾನೂ ಆ ಹುಡುಗಿಯೂ ಕೂತು ಬರೆದೆವು. ಒಡವೆ ತೆಗೆದೆವು. ಮೈದುನನ ಜೊತೆಗಿನ ಜಗಳ ಇಟ್ಟೆವು, ಅದು ನಡೆದದ್ದೇ. 15 ಲಕ್ಷದ ಸಾಲದ ಮಾತನ್ನು ಕರಣಿಕನ ಬಾಯಲ್ಲಿ ಹಾಕಿದೆವು. ಜಾತಕದ ರಾತ್ರಿಯನ್ನು ಹೊಸದಾಗಿ ಸೇರಿಸಿದೆವು. ಅದಕ್ಕೆ ನಾನು ಅರ್ಧ ಪುಟದ ಸಂಭಾಷಣೆ ಬರೆದಿದ್ದೆ. ಹುಡುಗಿ ಓದಿ ನೋಡಿ, “ಮೇಡಂ, ಇಷ್ಟ್ ಮಾತು ಬ್ಯಾಡ್ರಿ, ಜಡ್ಡ್ ಬಿದ್ದಾಕಿ ಇಷ್ಟ್ ಮಾತಾಡಲ್ಲ” ಎಂದಳು. ಹೊಡೆದು ಹಾಕಿದೆ.

ಕಾರ್ಯಕ್ರಮದ ದಿನ ಆ ದೃಶ್ಯ ಹೀಗಿತ್ತು. ಚಾಪೆಯ ಮೇಲೆ ರಾಣಿ ಮಲಗಿದ್ದಾಳೆ. ಪಕ್ಕದಲ್ಲಿ ಐದನೇ ತರಗತಿಯ ಒಬ್ಬ ಹುಡುಗ, ನಮ್ಮ ವೆಂಕಟಪ್ಪ ನಾಯಕ, ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದಾನೆ, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಾನೆ. ಹ್ಯಾಟ್ ಹಾಕಿದ ಟೇಲರ್ ಬಾಗಿಲ ಹತ್ತಿರ ಬಂದು ನಿಲ್ಲುತ್ತಾನೆ. ಪುರೋಹಿತ ಜಾತಕ ಓದುತ್ತಾನೆ. ಹುಡುಗಿ ಎದ್ದು ಕೂರುತ್ತಾಳೆ. ಟೇಲರ್ ಕಡೆ ನೋಡುವುದಿಲ್ಲ. ಹುಡುಗನ ತಲೆಯ ಮೇಲೆ ಕೈಯಿಟ್ಟು ಬೆರಳು ಮಡಚುತ್ತಾ ಎಣಿಸಲು ಶುರು ಮಾಡುತ್ತಾಳೆ. ಈ ಎಣಿಕೆ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಅವಳೇ ಮಾಡಿದ್ದು. ಕೆಳಗೆ ಕೂತವರಲ್ಲಿ ಸದ್ದಿಲ್ಲ. ಇಪ್ಪತ್ಮೂರರ ತನಕ ಎಣಿಸಿ ನಿಲ್ಲಿಸಿದಳು.